ವಿಎಂನಲ್ಲಿ ಫೈಲ್ ಅಳಿಸಿದರೂ ಹೋಸ್ಟ್‌ನಲ್ಲಿ ಜಾಗ ಖಾಲಿಯಾಗುತ್ತಿಲ್ಲವೇ?

ಪ್ರಾಕ್ಸ್‌ಮಾಕ್ಸ್‌ನಲ್ಲಿ (ಒಂದೇ ಯಂತ್ರದಲ್ಲಿ, ಅಂದರೆ ಹೋಸ್ಟ್‌ನಲ್ಲಿ, ಹಲವು ವಿಎಂಗಳನ್ನು, ಅಂದರೆ ವರ್ಚುವಲ್ ಕಂಪ್ಯೂಟರ್‌ಗಳನ್ನು, ಓಡಿಸುವ ಸಾಫ್ಟ್‌ವೇರ್) ಎಲ್‌ವಿಎಂ-ಥಿನ್ (ಎಲ್ಲ ವಿಎಂಗಳಿಗೂ ಒಂದೇ ಪೂಲ್‌ನಿಂದ ಬಳಸಿದಷ್ಟೇ ಜಾಗ ಕೊಡುವ ಡಿಸ್ಕ್ ವ್ಯವಸ್ಥೆ) ಬಳಸುವವರು ಪ್ರತಿ ವಿಎಂನ ಹಾರ್ಡ್ ಡಿಸ್ಕ್ ಸೆಟ್ಟಿಂಗ್‌ನಲ್ಲಿ 'ಡಿಸ್ಕಾರ್ಡ್' ಟಿಕ್ ಮಾಡಿ, ವಿಎಂ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ (ಒಳಗಿನಿಂದ ರೀಬೂಟ್ ಕೊಟ್ಟರೆ ಸಾಲದು), ಆಮೇಲೆ ಲಿನಕ್ಸ್ ಗೆಸ್ಟ್ (ವಿಎಂನಲ್ಲಿ ಓಡುವ ಓಎಸ್) ಒಳಗೆ 'ಎಫ್‌ಎಸ್‌ಟ್ರಿಮ್ -ಎವಿ' (fstrim -av) ಓಡಿಸಿ. ಗೆಸ್ಟ್‌ನಲ್ಲಿ ಫೈಲ್ ಅಳಿಸಿದಾಗ ಅದರ ಫೈಲ್ ಸಿಸ್ಟಮ್ ತನ್ನ ಲೆಕ್ಕದಲ್ಲಷ್ಟೇ ಆ ಬ್ಲಾಕ್‌ಗಳನ್ನು ಖಾಲಿ ಎಂದು ಬರೆದುಕೊಳ್ಳುತ್ತದೆ, ಹೋಸ್ಟ್‌ಗೆ ಆ ಸುದ್ದಿ ಮುಟ್ಟುವುದೇ ಇಲ್ಲ. ಟ್ರಿಮ್ ಆ ಸುದ್ದಿ ಮುಟ್ಟಿಸುತ್ತದೆ. ಕಮಾಂಡ್ ತೋರಿಸುವ ದೊಡ್ಡ ದೊಡ್ಡ ಜಿಬಿ ಲೆಕ್ಕ ನೋಡಿ ಹಿಗ್ಗಬೇಡಿ, ಅದು ಗೆಸ್ಟ್ ಬಿಟ್ಟುಕೊಟ್ಟೆನೆಂದು ಹೇಳುವ ಮೊತ್ತ. ನಿಜವಾಗಿ ವಾಪಸ್ ಬಂದದ್ದು ಎಷ್ಟೆಂದು ತಿಳಿಯಲು ಹೋಸ್ಟ್‌ನಲ್ಲಿ 'ಎಲ್‌ವಿಎಸ್' (lvs) ಕೊಟ್ಟು, ಪೂಲ್‌ನ ಡೇಟಾ ಶೇಕಡಾವಾರು ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಹೋಲಿಸಿ. ಹಳೆಯ ಸ್ನ್ಯಾಪ್‌ಶಾಟ್ (ವಿಎಂನ ಹಿಂದಿನ ಸ್ಥಿತಿಯ ದಾಖಲೆ) ಉಳಿಸಿಕೊಂಡಿದ್ದರೆ ಅದು ಹಿಡಿದುಕೊಂಡ ಬ್ಲಾಕ್‌ಗಳು ಬಿಡುಗಡೆಯಾಗುವುದಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಸಾದಾ ಎಲ್‌ವಿಎಂ ಆದರೆ ಜಾಗ ಮೊದಲೇ ಪೂರ್ತಿ ಮೀಸಲಾಗಿರುತ್ತದೆ, ಟ್ರಿಮ್‌ನಿಂದ ಏನೂ ಸಿಗದು. ಗೆಸ್ಟ್ ಒಳಗೆ ಲಕ್ಸ್ (LUKS) ಡಿಸ್ಕ್ ಎನ್‌ಕ್ರಿಪ್ಷನ್ ಇದ್ದರೆ ಅಲ್ಲೂ ಡಿಸ್ಕಾರ್ಡ್‌ಗೆ ಪ್ರತ್ಯೇಕವಾಗಿ ಅನುಮತಿ ಕೊಡಬೇಕು. ಇನ್ನು ಗೆಸ್ಟ್‌ನಲ್ಲಿ 'ಎಫ್‌ಎಸ್‌ಟ್ರಿಮ್.ಟೈಮರ್' (fstrim.timer) ಎನೇಬಲ್ ಮಾಡಿಟ್ಟರೆ ವಾರಕ್ಕೊಮ್ಮೆ ಟ್ರಿಮ್ ತಾನಾಗಿಯೇ ನಡೆಯುತ್ತದೆ. ಪೂಲ್ 100% ತುಂಬುವವರೆಗಂತೂ ಕಾಯಬೇಡಿ: ಒಂದು ವಿಎಂ ತಿಂದ ಜಾಗಕ್ಕೆ ಅದೇ ಪೂಲ್‌ನಲ್ಲಿರುವ ಉಳಿದ ವಿಎಂಗಳೂ ಬರೆಯಲಾಗದೆ ಐ/ಒ ಎರರ್ ಕೊಡುತ್ತವೆ, ಫೈಲ್ ಸಿಸ್ಟಮ್ ಕೆಟ್ಟರೂ ಕೆಟ್ಟೀತು.