ಫಿಲ್ಟರ್ ಟ್ಯಾಂಕಿನ ಅಡ್ಡಪಟ್ಟಿ: ಅಕ್ರಿಲಿಕ್ ತೆಗೆದು ಗಾಜು ಹಾಕಿದೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಮೀನಿನ ತೊಟ್ಟಿಯ ಕೆಳಗೆ ನಾನೇ ಮಾಡಿದ ಎರಡಡಿ ಉದ್ದದ ಗಾಜಿನ ಫಿಲ್ಟರ್ ಟ್ಯಾಂಕ್ ಇದೆ. ನೀರು ಸ್ಪಂಜಿನ ಮೂಲಕವೇ ಹೋಗಲಿ ಅಂತ ಅದರೊಳಗೆ ನಿಲ್ಲಿಸಿದ ಅಡ್ಡಪಟ್ಟಿಗಳಿಗೆ ಮೊದಲು 3 ಮಿ.ಮೀ. ಅಕ್ರಿಲಿಕ್ (ಪ್ಲಾಸ್ಟಿಕ್) ಶೀಟ್ ಹಾಕಿದ್ದೆ. ಹಗುರ, ಮನೆಯಲ್ಲೇ ಕೊಯ್ದುಕೊಳ್ಳಬಹುದು ಅಂತ. ಎರಡೇ ತಿಂಗಳಿಗೆ ಪಟ್ಟಿ ಬಿಲ್ಲಿನ ಹಾಗೆ ಬಾಗಿ, ಅಂಚಿನ ಸಿಲಿಕೋನ್ ಅಂಟು ಸಿಪ್ಪೆಯಂತೆ ಎದ್ದು ಬಂತು. ನೀರು ಸ್ಪಂಜಿನೊಳಗೆ ಹೋಗದೆ ಪಕ್ಕದ ಸಂದಿಯಲ್ಲಿ ನುಸುಳುತ್ತಿತ್ತು.

ಸಿಲಿಕೋನ್ ಗಾಜನ್ನು ಹಿಡಿದಷ್ಟು ಗಟ್ಟಿಯಾಗಿ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ. ಜೊತೆಗೆ ಅಕ್ರಿಲಿಕ್ ಸ್ವಲ್ಪ ನೀರು ಹೀರಿ ಹಿಗ್ಗುತ್ತದೆ ಕೂಡ.

ಗಾಜಿನಂಗಡಿಯಲ್ಲಿ 5 ಮಿ.ಮೀ. ಸಾದಾ ಗಾಜು ಕೊಯ್ಸಿ, ಅಂಚು ಉಜ್ಜಿಸಿಕೊಂಡು ಬಂದೆ. ಅಳತೆ ಟ್ಯಾಂಕಿನ ಒಳ ಅಗಲಕ್ಕಿಂತ 4 ಮಿ.ಮೀ. ಕಡಿಮೆ. ಎರಡೂ ಬದಿ ತಲಾ 2 ಮಿ.ಮೀ. ಸಂದಿ ಬೇಕೇ ಬೇಕು, ಸಿಲಿಕೋನ್ ಕೂರುವುದು ಅಲ್ಲೇ. ಹಳೆಯ ಸಿಲಿಕೋನನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಹೊಸದು ಸರಿಯಾಗಿ ಹಿಡಿಯಲ್ಲ. ಬಾತ್‌ರೂಮಿಗೆಂದು ಮಾರುವ, ಬೂಷ್ಟು ತಡೆಯುವ ಸಿಲಿಕೋನ್ ದಯವಿಟ್ಟು ಬೇಡ. ಅದರಲ್ಲಿ ಬೆರೆಸುವ ಔಷಧ ಮೀನಿಗೆ ವಿಷವಾಗಬಹುದು. ನಾನು ಹಾಕಿದ ಸಿಲಿಕೋನಿನ ವಿನೆಗರ್‌ನಂಥ ವಾಸನೆ ಪೂರ್ತಿ ಹೋಗಲಿ ಅಂತ ಒಂದು ವಾರ ಒಣಗಲು ಬಿಟ್ಟೆ.

ನೀರು ತುಂಬಿಸಿ ಎಂಟು ತಿಂಗಳಾಯಿತು. ಪಟ್ಟಿಗಳು ನೆಟ್ಟಗೆ ನಿಂತಿವೆ.