ಓವರ್‌ಕ್ಲಾಕ್ ಮಾಡ್ತೀರಾ? ಕೂಲರ್ ಕೊಳ್ಳುವ ಮೊದಲು ಸ್ಕೇಲು ಹಿಡಿಯಿರಿ

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ಇಂಟೆಲ್ ಕೋರ್ ಐ5-12600ಕೆ ಪ್ರೊಸೆಸರ್ ಜೊತೆ ಅದರ ಬಿಸಿ ತೆಗೆಯುವ ಕೂಲರ್ ಕೊಡುವುದಿಲ್ಲ. ಬೇರೆ ಕೊಳ್ಳಲೇಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೊರಡುವ ಮೊದಲು ಮನೆಯಲ್ಲೇ ಎರಡು ಲೆಕ್ಕ ಮುಗಿಸಿಕೊಳ್ಳಿ. ಒಂದು ಬಿಸಿಯದು, ಇನ್ನೊಂದು ಜಾಗದ್ದು.

ಮೊದಲು ಬಿಸಿ. ಈ ಪ್ರೊಸೆಸರ್ ಪೂರ್ತಿ ದುಡಿಯುವಾಗ ಕಂಪನಿಯೇ ಹೇಳುವಂತೆ 150 ವ್ಯಾಟ್ ಎಳೆಯುತ್ತದೆ. ವೇಗ ಎಷ್ಟು ಪಾಲು ಹೆಚ್ಚಿದರೆ ಬಿಸಿಯೂ ಸುಮಾರು ಅಷ್ಟೇ ಪಾಲು ಹೆಚ್ಚುತ್ತದೆ. ಕಾಡುವುದು ವೋಲ್ಟೇಜ್. ಅದರ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಬಿಸಿ ಏರುತ್ತದೆ. ವೇಗ ಶೇ 5, ವೋಲ್ಟೇಜ್ 1.20ರಿಂದ 1.32ಕ್ಕೆ, ಅಂದರೆ ಶೇ 10 ಏರಿಸಿದಿರಿ ಎನ್ನಿ. 1.05 × 1.1 × 1.1, ಹತ್ತಿರ ಹತ್ತಿರ 1.27. ನಿಮ್ಮ 150 ವ್ಯಾಟ್ 190 ಆಯಿತು! ಇದಕ್ಕೆ ಬಿಸಿ ಸಾಗಿಸುವ ಕೊಳವೆ (ಹೀಟ್ ಪೈಪ್) ನಾಲ್ಕೇ ಇರುವ ಸಣ್ಣ ಕೂಲರ್ ಸಾಲದು. ಆರು ಹೀಟ್ ಪೈಪ್, ಎರಡು ಫ್ಯಾನ್ ಇರುವ ಡಬಲ್ ಟವರ್, ಅಂದರೆ ಲೋಹದ ರೆಕ್ಕೆಗಳ ಎರಡು ಗೋಪುರದ ಕೂಲರ್ ನೋಡಿ. ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯನ್ನು ನಾನಂತೂ ನಂಬುವುದಿಲ್ಲ, ಒಂದೊಂದು ಕಂಪನಿ ಒಂದೊಂದು ಥರ ಅಳೆಯುತ್ತದೆ.

ಊರಿನ ಸೆಕೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಏರ್ ಕೂಲರ್ ಕೋಣೆಯ ಗಾಳಿಯನ್ನೇ ಬಳಸುತ್ತದೆ, ಅಲ್ವಾ? 25 ಡಿಗ್ರಿ ಕೋಣೆಯಲ್ಲಿ 80 ತೋರಿಸುವ ಪ್ರೊಸೆಸರ್, ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ 95ರ ಆಸುಪಾಸು ಮುಟ್ಟುತ್ತದೆ. 100ಕ್ಕೆ ಅದು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಆಮೇಲೆ ಓವರ್‌ಕ್ಲಾಕ್ ಮಾಡಿಯೂ ಏನು ಬಂತು?

ಈಗ ಜಾಗ. ಥರ್ಮಲ್‌ರೈಟ್ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ 155 ಮಿ.ಮೀ. ಎತ್ತರ, ನಾಕ್ಟುವಾ ಎನ್‌ಎಚ್-ಡಿ15 165 ಮಿ.ಮೀ. ನಿಮ್ಮ ಕ್ಯಾಬಿನೆಟ್ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಅದರ ವಿವರದಲ್ಲಿ ಇರುತ್ತದೆ. ಒಮ್ಮೆ ನಾನು ಅದನ್ನು ನೋಡದೆ ತಂದೆ. ಎಲ್ಲ ಜೋಡಿಸಿ ಕೊನೆಗೆ ಸೈಡ್ ಬಾಗಿಲು ಒತ್ತಿದರೆ ಪೈಪಿನ ತುದಿಗೆ ತಾಗಿ ನಿಂತಿತು. ನಾಲ್ಕೇ ಮಿ.ಮೀ. ಕಡಿಮೆ! ಮತ್ತೆ ಎಲ್ಲ ಬಿಚ್ಚಬೇಕಾಯಿತು. ರ‍್ಯಾಮ್ ಎತ್ತರವನ್ನೂ ಅಳೆಯಿರಿ. ದೀಪ ಹೊಳೆಯುವ ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲೆ ಸರಿಸಬೇಕಾಗುತ್ತದೆ. ಆಗ ಒಟ್ಟು ಎತ್ತರವೂ ಜಾಸ್ತಿಯಾಗುತ್ತದೆ.

ಹಳೆಯ ಕೂಲರ್ ಮನೆಯಲ್ಲಿದ್ದರೆ ಸಾಕೆಟ್, ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ನೋಡಿ. ಈ ಪ್ರೊಸೆಸರ್‌ನ ಸಾಕೆಟ್ ಎಲ್‌ಜಿಎ 1700. ಅದರ ಸುತ್ತ ಕೂಲರ್ ಬಿಗಿಯುವ ತೂತುಗಳ ನಡುವೆ 78 ಮಿ.ಮೀ. ಅಂತರ, ಅದಕ್ಕೂ ಹಿಂದಿನ ಎಲ್‌ಜಿಎ 1200ರಲ್ಲಿ 75. ಹಳೆಯ ಕೂಲರ್ ಕೂರಿಸಲು ಬೇರೆ ಕಿಟ್ ಬೇಕು.

ಕೂರಿಸುವಾಗ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ಎಂದು ಎರಡು ಸಲ ನೋಡಿ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಎರಡೂ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದರಂತೆ ತಿರುಗಿಸಿ. ಫ್ಯಾನಿನ ಗಾಳಿ ಹಿಂಬದಿಯ ಕಿಂಡಿಯತ್ತ ಹೋಗಲಿ.

ಆಮೇಲೆ ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಸಿನಿಬೆಂಚ್ ಎಂಬ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ. ಬೆಳಗಿನ ತಂಪಿನಲ್ಲಿ ಬೇಡ, ಮಧ್ಯಾಹ್ನ ಎರಡು ಗಂಟೆಗೆ. ಬಿಸಿ 90 ಡಿಗ್ರಿ ದಾಟಿದರೆ ಬಯಾಸ್‌ಗೆ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಕ್ಕೆ) ಹೋಗಿ ವೋಲ್ಟೇಜ್ 0.02 ವೋಲ್ಟ್‌ನಷ್ಟು ಇಳಿಸಿ, ಮತ್ತೆ ಓಡಿಸಿ. ಕಂಪ್ಯೂಟರ್ ಹ್ಯಾಂಗ್ ಆದರೆ ವೇಗವನ್ನೂ ಒಂದು ಮೆಟ್ಟಿಲು ಇಳಿಸಿ.