ಬಾಟಲಿಯೊಳಗೆ ಬದಲಾದ ವರ್ಣತಂತುಗಳು: ನನ್ನ ಅನುಭವ

ಪದವಿ ತರಗತಿಗೆ ವಿಕಾಸವಾದದ ಪಾಠ ಮಾಡುವಾಗ ವರ್ಷವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಹೊಸ ಜೀವಿ ಹುಟ್ಟುವುದನ್ನು ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ?" ಮೊದಮೊದಲು ಪಳೆಯುಳಿಕೆಗಳ ಪಟವನ್ನೋ ಗ್ಯಾಲಪಗಸ್ ದ್ವೀಪಗಳ ಫಿಂಚ್ ಹಕ್ಕಿಗಳ ಕೊಕ್ಕಿನ ಚಿತ್ರವನ್ನೋ ತೋರಿಸುತ್ತಿದ್ದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಮಕ್ಕಳ ಪಾಲಿಗೆ ಅದು ಎಲ್ಲೋ ಯಾರೋ ಕಂಡ ಸಂಗತಿ. ಒಂದು ವರ್ಷ ಗಟ್ಟಿ ಮನಸ್ಸು ಮಾಡಿ ನಾನೇ ನೊಣ ಸಾಕಲು ಕುಳಿತೆ.

ದಾರಿ ಹಾಕಿಕೊಟ್ಟವರು ನಮ್ಮವರೇ. ಮೈಸೂರಿನ ಮಾನಸಗಂಗೋತ್ರಿಯ ಎನ್. ಬಿ. ರಾಮಚಂದ್ರ ಮತ್ತು ಎಚ್. ಎ. ರಂಗನಾಥ್ ಅವರು ಎರಡು ಹಣ್ಣುನೊಣಗಳನ್ನು ಬೆರೆಸಿ ನಡೆಸಿದ ಅಧ್ಯಯನ 1986ರಲ್ಲಿ ಪ್ರಕಟವಾಗಿತ್ತು. ಒಂದು ಕೊಡಗಿನ ಡ್ರೊಸೊಫಿಲ ನಸೂಟ, ಅದರ ವರ್ಣತಂತುಗಳು (ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮುಗಳು) 8. ಇನ್ನೊಂದು ಜಪಾನಿನ ಓಕಿನಾವದ ಆಲ್ಬೊಮಿಕನ್ಸ್, ಅದರಲ್ಲಿ 6. ನಸೂಟದಲ್ಲಿ ಬಿಡಿಯಾಗಿರುವ ಮೂರನೆಯ ವರ್ಣತಂತು ಆಲ್ಬೊಮಿಕನ್ಸ್‌ನಲ್ಲಿ ಲಿಂಗ ವರ್ಣತಂತುಗಳಾದ ಎಕ್ಸ್‌ಗೂ ವೈಗೂ ಬೆಸೆದುಕೊಂಡಿದೆ. ಹೊರನೋಟಕ್ಕೆ ಎರಡೂ ಒಂದೇ ಬಸಿರಿನ ಮಕ್ಕಳಂತೆ. ಎರಡರ ಗಂಡುಗಳಿಗೂ ಹಣೆಯ ಮೇಲೆ ವಿಭೂತಿ ಬಳಿದಂತೆ ಬೆಳ್ಳಿಯ ಹೊಳಪು.

ನೊಣಗಳ ಊಟವನ್ನು ನಾನೇ ಕಾಯಿಸುತ್ತಿದ್ದೆ. 1 ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಬೂಷ್ಟು ಹಿಡಿಯದಂತೆ ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಆಮ್ಲ ಬೀಳುವವರೆಗೆ ಪ್ರಯೋಗಾಲಯದ ತುಂಬ ಸಜ್ಜಿಗೆಯ ಪರಿಮಳ. ಬಿಸಿಯಾಗಿರುವಾಗಲೇ ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟ್ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಬೇಕು.

ಕಷ್ಟವಿದ್ದದ್ದು ಕನ್ಯೆ ನೊಣಗಳನ್ನು ಆರಿಸುವುದರಲ್ಲಿ. ಹೆಣ್ಣು ಒಮ್ಮೆ ಕೂಡಿದರೆ ಸಾಕು, ಆ ವೀರ್ಯವನ್ನು ದಿನಗಟ್ಟಲೆ ಹೊಟ್ಟೆಯೊಳಗೆ ಕಾಪಿಟ್ಟುಕೊಳ್ಳುತ್ತದೆ. ಆದ್ದರಿಂದ ಪ್ಯೂಪದ ಗೂಡಿನಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಹೆಣ್ಣುಗಳನ್ನು ಬೇರೆ ಮಾಡಬೇಕು. ನಾನು ಆಲ್ಬೊಮಿಕನ್ಸ್ ಹೆಣ್ಣುಗಳನ್ನು ನಸೂಟ ಗಂಡುಗಳೊಂದಿಗೆ ಬಿಟ್ಟೆ. ತಾಯಿಯಿಂದ 3, ತಂದೆಯಿಂದ 4: ಪ್ರತಿ ಮರಿಹುಳುವಿನಲ್ಲೂ 7 ಇರಲೇಬೇಕು. ನಾಲ್ಕನೆಯ ಸ್ಲೈಡಿನಲ್ಲಿ 6 ಕಂಡವು. ಮತ್ತೆ ಮತ್ತೆ ಎಣಿಸಿದರೂ ಆರೇ. ಯಾವುದೋ ಒಂದು ಹೆಣ್ಣು ಮೊದಲೇ ತನ್ನ ತಳಿಯ ಗಂಡಿನೊಂದಿಗೆ ಕೂಡಿತ್ತು. ಬಾಟಲಿಗಳನ್ನೆಲ್ಲ ಖಾಲಿ ಮಾಡಿ ಮೊದಲಿನಿಂದ ಶುರುಮಾಡಿದೆ. ಆ ಸಂಜೆ ದುಃಖವಾಗಿದ್ದು ನಿಜ. ಆದರೆ ಲೆಕ್ಕ ತಪ್ಪಿದ್ದನ್ನು ವರ್ಣತಂತುವೇ ಹಿಡಿದುಕೊಟ್ಟಿತಲ್ಲ, ಈ ವಿಧಾನದ ಮೇಲೆ ನನಗೆ ನಂಬಿಕೆ ಕುದುರಿದ್ದು ಅಂದಿನಿಂದಲೇ.

ಎಣಿಕೆಗೆ ಬೇಕಾದದ್ದು ಮರಿಹುಳುವಿನ ಮೆದುಳು. ಬಲಿತು ಬಾಟಲಿಯ ಗೋಡೆ ಹತ್ತುವ ಹುಳುವನ್ನು ಲವಣದ್ರಾವಣದ ಹನಿಯಲ್ಲಿಟ್ಟು, ಒಂದು ಸೂಜಿಯಿಂದ ಬಾಯಿಯ ಕರಿಕೊಕ್ಕೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ಮೈಯನ್ನು ಮೆಲ್ಲನೆ ಎಳೆದರೆ ಬೆಂದ ಸಾಬಕ್ಕಿಯ ಜೋಡಿ ಕಾಳುಗಳಂತೆ ಅದು ಹೊರಬರುತ್ತದೆ. ಗಂಡುಹುಳುವಾದರೆ ಚರ್ಮದ ಮೂಲಕವೇ ವೃಷಣದ ತಿಳಿ ಮಚ್ಚೆ ಕಾಣಿಸುವುದರಿಂದ ಲಿಂಗವನ್ನು ಮೊದಲೇ ಬರೆದಿಟ್ಟುಕೊಳ್ಳಬಹುದು. ಕಾಲ್ಚಿಸಿನ್ ಎಂಬ ರಾಸಾಯನಿಕ ಕೋಶ ವಿಭಜನೆಯನ್ನು ನಡುವಿನಲ್ಲೇ ತಡೆದು ನಿಲ್ಲಿಸುತ್ತದೆ. ಜೀಮ್ಸಾ ಬಣ್ಣ ಹಾಕಿ ನೋಡಿದರೆ ನೇರಳೆ ಬಣ್ಣದ ಕಡ್ಡಿಗಳು, ರೆಕ್ಕೆ ಬಿಚ್ಚಿದ ಹಕ್ಕಿಯಂತಹ ಕವಲುಗಳು, ಎರಡು ಚುಕ್ಕೆಗಳು.

ಎರಡನೆಯ ಸಲ ಮೊದಲ ಪೀಳಿಗೆಯಲ್ಲಿ ಎಲ್ಲವೂ 7. ಅವನ್ನು ತಮ್ಮತಮ್ಮೊಳಗೇ ಬೆಳೆಯಲು ಬಿಟ್ಟೆ. ಮುಂದಿನ ಪೀಳಿಗೆಯಲ್ಲಿ ಹೆಣ್ಣುಗಳಲ್ಲಿ 6 ಇಲ್ಲವೇ 7, ಗಂಡುಗಳಲ್ಲಿ 7 ಇಲ್ಲವೇ 8. ರಾಮಚಂದ್ರ ಮತ್ತು ರಂಗನಾಥ್ ಅವರ ಮೈಸೂರಿನ ಬಾಟಲಿಗಳಲ್ಲಿ ಈ ಕಲಸುಮೇಲೋಗರ ಕ್ರಮೇಣ ತಿಳಿಯಾಗಿ, ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ಎಂಬಲ್ಲಿಗೆ ನೆಲೆನಿಂತಿತ್ತು. ಬೆಸೆದ ಎಕ್ಸ್ ಉಳಿದು ಬಿಡಿ ಎಕ್ಸ್ ಅಳಿದಿತ್ತು. ವೈ ಮಾತ್ರ ನಸೂಟ ತಂದೆಯದ್ದೇ, ಬಿಡಿಯಾಗಿಯೇ ಉಳಿಯಿತು. ತಾಯಿಯಲ್ಲೂ ಇರದ, ತಂದೆಯಲ್ಲೂ ಇರದ ಹೊಸ ಜೋಡಣೆ ಇದು. ಅದಕ್ಕೆ ಅವರು ಸೈಟೊರೇಸ್ 1 (ವರ್ಣತಂತುಗಳ ಜೋಡಣೆಯಿಂದ ಗುರುತಿಸುವ ತಳಿ) ಎಂದು ಹೆಸರಿಟ್ಟರು. ಇಂಥ ಬೆರಕೆಗಳಿಂದ ಮುಂದೆ ಒಟ್ಟು 16 ಸೈಟೊರೇಸ್‌ಗಳು ಬಂದವು. ನನ್ನ ಬಾಟಲಿಗಳಲ್ಲಿ ಅಷ್ಟು ದೂರ ಸಾಗಲಿಲ್ಲ, ಒಂದು ಬೇಸಿಗೆಯ ಸೆಕೆ ಮತ್ತು ನುಸಿಯ ಕಾಟ ಅವನ್ನು ಮುಗಿಸಿದವು. ಆದರೆ ಎಂಟು ಇದ್ದ ಗಂಡುಗಳು ಅಷ್ಟರಲ್ಲೇ ಅಪರೂಪವಾಗಿದ್ದವು.

ಇದನ್ನು ಹೊಸ ಪ್ರಭೇದ ಎಂದು ನಾನು ತರಗತಿಯಲ್ಲಿ ಹೇಳುವುದಿಲ್ಲ, ಹೇಳಲೂಬಾರದು. ಬೇರೆ ಪ್ರಭೇದ ಎನ್ನಬೇಕಾದರೆ ಕೂಡುವಿಕೆಗೆ ಅಡ್ಡಿ ಬೀಳಬೇಕು. ಆ ಅಡ್ಡಿ ಒಂದೇ ದಿನದಲ್ಲಿ ಎದ್ದು ನಿಲ್ಲುವ ಗೋಡೆಯಲ್ಲ. ಈ ತಳಿಗಳ ಮೇಲೆ ಮುಂದೆ ನಡೆದ ಸಂಗಾತಿ ಆಯ್ಕೆಯ ಪರೀಕ್ಷೆಗಳಲ್ಲಿ ತಮ್ಮವರನ್ನೇ ಹೆಚ್ಚಾಗಿ ಆರಿಸಿಕೊಳ್ಳುವ ಲಕ್ಷಣ ಮೊಳಕೆಯ ಮಟ್ಟದಲ್ಲಿ ಕಂಡಿತು. ಡಯೇನ್ ಡಾಡ್ 1989ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಪಿಷ್ಟ ತಿಂದು ಬೆಳೆದ ನೊಣಗಳು ಮತ್ತು ಮಾಲ್ಟೋಸ್ ತಿಂದು ಬೆಳೆದ ನೊಣಗಳು ಹಲವು ಪೀಳಿಗೆಗಳ ನಂತರ ತಮ್ಮತಮ್ಮ ಗುಂಪಿನವರತ್ತಲೇ ವಾಲಿದ್ದವು.

ವರ್ಣತಂತು ಬೆಸೆಯುವುದು ನೊಣಗಳಿಗಷ್ಟೇ ಮೀಸಲಾದ ಚಮತ್ಕಾರ ಎನ್ನುವವರಿಗೆ ಕಾಡುಕುರಿಯನ್ನು (ಬೊಗಳುವ ಜಿಂಕೆ) ತೋರಿಸುತ್ತೇನೆ. ಭಾರತದ ಕಾಡುಕುರಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7. ಚೀನಾದಲ್ಲಿರುವ ಅದರ ಹತ್ತಿರದ ಬಂಧುವಿನಲ್ಲಿ 46. ನಮ್ಮದೇ ಎರಡನೆಯ ವರ್ಣತಂತು ಎರಡು ಬೆಸೆದು ಆದದ್ದು. ಚಿಂಪಾಂಜಿಯಲ್ಲಿ ಆ ಎರಡೂ ಇಂದಿಗೂ ಬಿಡಿಬಿಡಿ.

ಕಳೆದ ಸಲ ಸ್ಲೈಡ್ ನೋಡುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ಕೇಳಿದಳು: "ಮೇಡಂ, ಈ ಬೆರಕೆ ತಳಿಯ ಹೆಣ್ಣಿನ ಮುಂದೆ ಕೊಡಗಿನ ಗಂಡು, ತನ್ನದೇ ತಳಿಯ ಗಂಡು ಎರಡನ್ನೂ ಬಿಟ್ಟರೆ ಯಾವುದನ್ನು ಆರಿಸುತ್ತದೆ?" "ನೀನೇ ನೋಡು," ಎಂದು ಖಾಲಿ ಬಾಟಲಿಯೊಂದನ್ನು ಅವಳ ಕೈಗೆ ಕೊಟ್ಟು ರವೆ ಕಾಯಿಸಲು ಒಲೆ ಹಚ್ಚಿದೆ.